ಹದಕ್ಕೆ ಬಾರದ ಕೈ

ನನ್ನ ಕೈ ನೋಡಿದವರು ಕೇಳುವ ಮೊದಲ ಪ್ರಶ್ನೆ "ಸ್ಟೌವಾ?" ಅಂತ. ಎರಡನೆಯದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಕಣ್ಣಲ್ಲೇ ಕೇಳುತ್ತಾರೆ: ಗಂಡನ ಮನೆಯವರಾ? ಹೆಂಗಸಿನ ಮೈಮೇಲೆ ಸುಟ್ಟ ಕಲೆ ಕಂಡರೆ ನಮ್ಮ ಜನಕ್ಕೆ ಬೇರೆ ಕಥೆ ಹೊಳೆಯುವುದೇ ಇಲ್ಲ. ಅದು ಅವರ ತಪ್ಪೂ ಅಲ್ಲ, ಅಂಥವು ನಡೆಯುತ್ತಲೇ ಇರುತ್ತವೆ. ಮೊದಮೊದಲು ನಾನು ಕೂರಿಸಿಕೊಂಡು ವಿವರಿಸುತ್ತಿದ್ದೆ. ಆಮೇಲೆ ಸಾಕಾಯಿತು, ಸೆರಗು ಎಳೆದುಕೊಂಡು ಸುಮ್ಮನಾಗತೊಡಗಿದೆ. ಇಲ್ಲಿ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಬರೆಯುತ್ತಿರುವುದು ಎಡಗೈಯಲ್ಲಿ, ದಿನಕ್ಕೆ ಒಂದು ಪುಟ ದಾಟುವುದಿಲ್ಲ. ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಓದಲಿ ಎಂಬುದಷ್ಟೇ ನನ್ನ ಆಸೆ. ಧೈರ್ಯ ಹೇಳುವುದಕ್ಕಲ್ಲ. ಧೈರ್ಯ ಹೇಳುವವರು ನನಗೂ ಬೇಕಾದಷ್ಟು ಜನ ಸಿಕ್ಕಿದ್ದರು, ಅವರಿಂದ ಮೂರು ಕಾಸಿನ ಪ್ರಯೋಜನವಾಗಲಿಲ್ಲ.

ನಾನು ಹುಟ್ಟಿದ್ದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಭತ್ತದ ಊರಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದ ಎರಡು ವರ್ಷಕ್ಕೆ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಇಲ್ಲಿ ಹೊಗೆಸೊಪ್ಪೇ ಎಲ್ಲ. ಹಸಿ ಎಲೆ ಮುರಿದು ತಂದು, ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ. ನೆಲದ ಮೇಲೆ ದಪ್ಪ ತಗಡಿನ ಕೊಳವೆಗಳು ಹಾದುಹೋಗಿರುತ್ತವೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಆ ಕೊಳವೆಗಳು ಕಾದು ಒಳಗಿನ ಎಲೆ ಐದಾರು ದಿನದಲ್ಲಿ ಬೇಯುತ್ತದೆ. ಬೆಂದ ಎಲೆ ಹಪ್ಪಳದ ಹಾಗೆ, ಮುಟ್ಟಿದರೆ ಪುಡಿ. ಆಗ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಬಾಗಿಲು ತೆರೆದು, ಒದ್ದೆ ಗೋಣಿತಾಟು ಹೊದಿಸಿ, ತೇವ ಕುಡಿಸಿ ಮೆತ್ತಗೆ ಮಾಡುತ್ತಾರೆ. ಹದಕ್ಕೆ ತರುವುದು ಎಂದು ಅದಕ್ಕೆ ಹೆಸರು. ಹದಕ್ಕೆ ಬಂದ ಎಲೆಯನ್ನು ಹೇಗೆ ಬೇಕಾದರೂ ಬಿಡಿಸಬಹುದು, ಮಡಿಸಬಹುದು, ಮುರಿಯುವುದಿಲ್ಲ.

ಈ ಕೆಲಸದಲ್ಲಿ ನಮ್ಮ ಮಾವ ಪುಟ್ಟೇಗೌಡರನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಬ್ಯಾರನ್ನಿನ ಹೊರಗೋಡೆಗೆ ಅಂಗೈ ಇಟ್ಟರೆ ಸಾಕು, ಒಳಗೆ ಎಷ್ಟು ಬಿಸಿ ಇದೆ, ಎಲೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ಹೇಳುತ್ತಿದ್ದರು. ಒಳಗೆ ನೇತುಹಾಕಿದ ಥರ್ಮಾಮೀಟರ್ ಬರೀ ಶೋಕಿಗೆ. ಪಕ್ಕದ ಊರಿನವರೂ "ಗೌಡ್ರೇ, ಒಂದ್ಸಲ ಬಂದು ಕೈ ಮಡಗಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ನನ್ನ ಹತ್ತಿರವಂತೂ ನೇರವಾಗಿ ಮಾತಾಡುತ್ತಲೇ ಇರಲಿಲ್ಲ. ನಮ್ಮ ಕಡೆ ಮಾವ ಸೊಸೆಯರ ನಡುವೆ ಅಷ್ಟು ದೂರ ಇರುತ್ತದೆ. ನೀರು ಬೇಕಿದ್ದರೆ ನನ್ನ ಮಗಳು ರಮ್ಯಾಳಿಗೆ, ಆಗಿನ್ನೂ ಎರಡು ವರ್ಷದ ಕೂಸಿಗೆ, "ನಿಮ್ಮವ್ವಂಗೆ ನೀರು ತರಾಕೇಳು ಮಗಾ" ಎಂದು ಹೇಳುತ್ತಿದ್ದರು. ನನಗೆ ಅವರ ಮೇಲೆ ಭಯ ಇರಲಿಲ್ಲ, ಗೌರವ ಇತ್ತು. ಅದೇ ಆಮೇಲೆ ಮುಳುವಾಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮಾವ ಹುಣಸೂರಿಗೆ ಹೋಗಿದ್ದರು, ನನ್ನ ಗಂಡ ಮಾದೇಶ ಹೊಲದಲ್ಲಿದ್ದರು. ಬ್ಯಾರನ್ನಿನ ಬಾಗಿಲ ಸಂದಿಯಿಂದ ಸುಟ್ಟ ವಾಸನೆ ಬಂತು. ಒಂದು ಕಡ್ಡಿ ಜಾರಿ ಎಲೆಯೆಲ್ಲ ಕೊಳವೆಯ ಮೇಲೆ ಬಿದ್ದಿತ್ತು. ಅದು ಹೊತ್ತಿಕೊಂಡರೆ ಇಡೀ ಬ್ಯಾರನ್ ಹೋಗುತ್ತದೆ, ವರ್ಷದ ದುಡಿಮೆ ಬೂದಿ. ಯೋಚಿಸದೆ ಒಳಗೆ ನುಗ್ಗಿದೆ. ಕಡ್ಡಿಯನ್ನು ಕಾಲಿನಿಂದ ಒದ್ದು ಕೆಡವಿದೆ, ಅಷ್ಟರಲ್ಲಿ ಕೆಳಗೆ ಬಿದ್ದಿದ್ದ ಎಲೆಯ ಮೇಲೆ ಇನ್ನೊಂದು ಕಾಲು ಜಾರಿತು. ಮುಂದಕ್ಕೆ ಬಿದ್ದೆ. ಎರಡೂ ಅಂಗೈ ಕೊಳವೆಯ ಮೇಲೆ. ಏಳಬೇಕಾದರೂ ಅದೇ ಕೊಳವೆಗೆ ಕೈ ಊರಬೇಕಿತ್ತು. ಊರಿದೆ.

ಸೊಪ್ಪು ಉಳಿಯಿತು. ಆ ಸಲದ ಬಣ್ಣ ಬಹಳ ಚೆನ್ನಾಗಿ ಬಂದಿತ್ತು ಎಂದು ಆಮೇಲೆ ಯಾರೋ ಹೇಳಿದರು.

ಹುಣಸೂರಿನ ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತುವ ಮೊದಲೇ ಪೊಲೀಸಿನವರು ಬಂದು ಪಕ್ಕದಲ್ಲಿ ನಿಂತರು. ಮನೆಯವರನ್ನೆಲ್ಲ ಹೊರಗೆ ಕಳಿಸಿ, "ಹೆದರಬೇಡಮ್ಮ, ನಿಜ ಹೇಳು. ಅತ್ತೆ ಮಾವ ಏನಾದ್ರೂ ಮಾಡಿದ್ರಾ?" ಎಂದು ಮೂರು ಸಲ ಕೇಳಿದರು. ನಾನು ಮೂರು ಸಲವೂ ಇಲ್ಲ ಎಂದೆ. ಬರೆದುಕೊಂಡರು. ಹೆಬ್ಬೆಟ್ಟು ಒತ್ತಿಸಲು ಬೆರಳಿರಲಿಲ್ಲ, ಸಹಿ ಹಾಕಲು ಕೈಯಿರಲಿಲ್ಲ, ಕೊನೆಗೆ ನರ್ಸಮ್ಮ ಸಾಕ್ಷಿ ಹಾಕಿದರು. ಹೊರಗೆ ನಮ್ಮ ಅತ್ತೆ ಗೋಡೆಗೆ ಒರಗಿ ನಡುಗುತ್ತಿದ್ದದ್ದು ಬಾಗಿಲಿಂದ ಕಾಣುತ್ತಿತ್ತು. ಯಾವ ತಪ್ಪೂ ಮಾಡದ ಹೆಂಗಸು.

ಗಾಯ ಮಾಗಲು ಮೂರು ತಿಂಗಳು ಹಿಡಿಯಿತು. ಬೆರಳು ಮಡಿಸಿಕೊಂಡರೆ ನೋವು ಕಡಿಮೆ, ಚಾಚಿದರೆ ಜೀವ ಹೋಗುವಷ್ಟು. ಯಾರಾದರೂ ಏನು ಮಾಡುತ್ತಾರೆ? ಮಡಿಸಿಕೊಂಡೇ ಇದ್ದೆ. ಅತ್ತೆ ಹಳೆ ಸೀರೆಯ ಮೆತ್ತನೆ ಚೂರನ್ನು ಮುಷ್ಟಿಯೊಳಗೆ ಇಟ್ಟು "ಇಂಗೇ ಇರ್ಲಿ ಬುಡವ್ವ, ಆಡಿಸ್ಬ್ಯಾಡ" ಅನ್ನುತ್ತಿದ್ದರು. ಹೊಸ ಚರ್ಮ ಮಡಿಸಿದ ಹಾಗೆಯೇ ಬೆಳೆಯಿತು, ಬೆಳೆದು ಬಿಗಿಯಿತು. ಗಾಯ ವಾಸಿಯಾಯಿತು ಎಂದು ಎಲ್ಲರೂ ಸಮಾಧಾನಪಡುವ ಹೊತ್ತಿಗೆ ಎರಡೂ ಕೈ ಮುಚ್ಚಿಕೊಂಡು ಕೂತಿದ್ದವು. ಬೆರಳ ತುದಿ ಅಂಗೈಗೆ ಅಂಟಿತ್ತು. ನಡುವೆ ಒಂದು ಬಳಪ ತೂರಿಸಲೂ ಜಾಗವಿಲ್ಲ.

ಆ ಎರಡು ವರ್ಷದ ಬಗ್ಗೆ ಹೆಚ್ಚು ಬರೆಯಲಾರೆ. ಅತ್ತೆ ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಡುತ್ತಿದ್ದರು. ಅವರ ತುತ್ತು ದೊಡ್ಡದು, ನನಗೆ ಚಿಕ್ಕದು ಬೇಕು. ಅದನ್ನು ಹೇಳಲೂ ನಾಚಿಕೆ. ಮೊದಲೆಲ್ಲ ಪ್ರೀತಿಯಿಂದ, ಆಮೇಲೆ ಕೆಲಸದ ನಡುವೆ, ಆಮೇಲೆ ಉಸ್ಸಪ್ಪಾ ಎನ್ನುತ್ತಾ. ಅವರನ್ನು ದೂರುವುದಿಲ್ಲ. ಉಣ್ಣಿಸುವುದು ಬಿಡಿ, ಬಯಲಿಗೆ ಹೋಗಿ ಬಂದರೆ ತೊಳೆಯುವುದಕ್ಕೂ ಅವರೇ ಬರಬೇಕಿತ್ತು. ಇದನ್ನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೈ ಹೋದವರು ಓದುತ್ತಿದ್ದರೆ ಅವರಿಗೆ ಇದೇ ಮೊದಲು ನೆನಪಾಗುವುದು, ಅದಕ್ಕೇ ಬರೆದೆ. ರಮ್ಯಾ ನನ್ನ ಹತ್ತಿರ ಬರುತ್ತಿದ್ದಳು, ಕೈ ಮುಂದೆ ಮಾಡಿದರೆ ಹಿಂದೆ ಸರಿಯುತ್ತಿದ್ದಳು. ಮಾದೇಶ ನನ್ನ ಮುಖ ನೋಡಿ ಮಾತಾಡುವುದನ್ನು ಬಹಳ ಚೆನ್ನಾಗಿ ಕಲಿತರು. ಕಣ್ಣು ತಪ್ಪಿಯೂ ಕೆಳಗಿಳಿಯುತ್ತಿರಲಿಲ್ಲ. ಹಗ್ಗ ಕಟ್ಟಿಕೊಳ್ಳಬೇಕೆಂದರೂ ಗಂಟು ಹಾಕಲು ಕೈ ಬೇಕಲ್ಲ ಎಂದು ಒಂದು ದಿನ ಹೊಳೆಯಿತು. ನಕ್ಕೆ. ನಕ್ಕಿದ್ದು ನೆನಪಿದೆ.

ಕೈಯನ್ನು ಬಿಚ್ಚಬಹುದು ಎಂದು ಮೊದಲು ಹೇಳಿದ್ದು ಸಾಕ್ಷಿ ಹಾಕಿದ್ದ ಆ ನರ್ಸಮ್ಮನೇ. ಮಗಳಿಗೆ ಜ್ವರ ಎಂದು ಹೋದಾಗ ನನ್ನ ಕೈ ಕಂಡು "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಗದರಿದರು. ಮೈಸೂರಲ್ಲಿ ಪ್ಲಾಸ್ಟಿಕ್ ಸರ್ಜನ್ ಇದ್ದಾರೆ, ಬಿಗಿದ ಚರ್ಮ ಕುಯ್ದು ಬೆರಳು ನೇರ ಮಾಡಿ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕುತ್ತಾರೆ ಎಂದರು. ಊರಲ್ಲಿ ಸುದ್ದಿಯಾಯಿತು. ಕೈಗೆ ಪ್ಲಾಸ್ಟಿಕ್ ಹಾಕುತ್ತಾರಂತೆ ಎಂದು ಕೆಲವರು, ತೊಡೆ ಚರ್ಮದ ಕೈಯಲ್ಲಿ ಅಡುಗೆ ಮಾಡಿದರೆ ತಿನ್ನುವುದು ಹೇಗೆ ಎಂದು ಕೆಲವರು. ಅವತ್ತು ಮಾವ ಜಗಲಿಯಿಂದಲೇ ಜೋರಾಗಿ ಹೇಳಿದರು: "ತಿನ್ನೋರು ತಿಂತಾರೆ, ಬುಡೋರು ಬುಡ್ತಾರೆ. ಕೈ ಬಂದ್ರೆ ಸಾಕು." ನನ್ನ ಪರವಾಗಿ ಈ ಮನೆಯಲ್ಲಿ ಯಾರಾದರೂ ದನಿ ಎತ್ತಿದ್ದು ಅದೇ ಮೊದಲು.

ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮಂಥವರೇ ಒಂದು ಸಾಲು ಇದ್ದರು. ಎಲ್ಲರದೂ ಸೆರಗು, ಶಾಲು, ಟವೆಲು ಯಾವುದೋ ಒಂದು ಕಡೆ ಮುಚ್ಚಿಕೊಂಡಿತ್ತು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ, ಆದರೆ ಎಲ್ಲರಿಗೂ ಎಲ್ಲರದೂ ಗೊತ್ತಿತ್ತು. ಡಾಕ್ಟರು ನನ್ನ ಎರಡೂ ಮುಷ್ಟಿ ತಿರುಗಿಸಿ ನೋಡಿ "ಎರಡನ್ನೂ ಒಟ್ಟಿಗೆ ಮಾಡಲ್ಲ. ಯಾವುದು ಮೊದಲು?" ಎಂದರು.

"ಬಲಗೈ ಸಾರ್. ಉಣ್ಣೋ ಕೈ" ಎಂದೆ.

ನನಗೆ ಬೇಕಾಗಿದ್ದು ಅಷ್ಟೇ. ಸೊಪ್ಪು ಕಟ್ಟುವುದು, ಮಗಳಿಗೆ ಜಡೆ ಹೆಣೆಯುವುದು, ಅವೆಲ್ಲ ದುರಾಸೆ ಎಂದು ಬಿಟ್ಟಿದ್ದೆ. ಬಲಗೈ ಬಿಚ್ಚಬೇಕು, ನನ್ನ ತಟ್ಟೆಯ ಮುದ್ದೆಯನ್ನು ನಾನೇ ಮುರಿದು ಬಾಯಿಗಿಡಬೇಕು.

ಆಪರೇಷನ್ ಆದ ಮೇಲೆ ಎಚ್ಚರವಾದಾಗ ಕೈ ನೋಯುತ್ತಿರಲಿಲ್ಲ, ತೊಡೆ ನೋಯುತ್ತಿತ್ತು. ಚರ್ಮ ತೆಗೆದ ಜಾಗ ಉರಿಯುವುದನ್ನು ಯಾರೂ ಮುಂಚೆ ಹೇಳಿರಲಿಲ್ಲ, ನಾನು ಹೇಳುತ್ತಿದ್ದೇನೆ. ಕೈ ಒಂದು ದೊಡ್ಡ ಉಂಡೆ, ಒಳಗೆ ಬೆರಳುಗಳು ನೆಟ್ಟಗಿರಲೆಂದು ತುದಿಯಿಂದ ಸೂಜಿಯಂಥ ಕಂಬಿ ಚುಚ್ಚಿದ್ದರು. ಪಕ್ಕದ ಹಾಸಿಗೆಯಲ್ಲಿ ಬೀಚನಹಳ್ಳಿ ಕಡೆಯ ಕೆಂಪಮ್ಮ. ಅವಳಿಗೆ ಕತ್ತು ಸುಟ್ಟು ಗದ್ದ ಎದೆಗೆ ಅಂಟಿಕೊಂಡಿತ್ತು, ತಲೆ ಎತ್ತಲಾಗುತ್ತಿರಲಿಲ್ಲ. ನನಗೆ ಮೂಗು ತುರಿಸಿದರೆ ಅವಳು ಎದ್ದು ಬಂದು ತುರಿಸುತ್ತಿದ್ದಳು. ಪ್ರತಿಯಾಗಿ, ಬಾಗಿಲಲ್ಲಿ ಯಾರು ಬಂದರು, ಅವರ ಮುಖ ಹೇಗಿದೆ, ಡಾಕ್ಟರು ನಗುತ್ತಿದ್ದಾರೋ ಇಲ್ಲವೋ ಎಂದು ನಾನು ಅವಳಿಗೆ ಹೇಳಬೇಕಿತ್ತು. "ಏನಕ್ಕಾ, ಇವತ್ತು ಮೂತಿ ಎಂಗೈತೆ?" ಎಂದು ಕೇಳುವಳು. "ಬೇವಿನಸೊಪ್ಪು ತಿಂದಂಗೈತೆ" ಎಂದರೆ ಹೊಟ್ಟೆ ಹಿಡಿದು ನಗುವಳು. ಆ ಹದಿನೈದು ದಿನ ನಾನು ಯಾರಿಗೂ ಭಾರವಾಗಿರಲಿಲ್ಲ. ಆಮೇಲೆ ಅಂಥ ದಿನಗಳು ಬರಲಿಲ್ಲ.

ಐದನೆಯ ದಿನ ಕಟ್ಟು ಬಿಚ್ಚಿದರು. ಇಡೀ ವಾರ್ಡು ಉಸಿರು ಹಿಡಿದು ಕಾಯುವ ದಿನ ಅದು. ಹಾಕಿದ ಚರ್ಮ ಕೆಲವರಿಗೆ ಕಪ್ಪಾಗಿ ಉದುರಿಹೋಗುತ್ತದೆ. ಡಾಕ್ಟರು ಬಗ್ಗಿ ನೋಡಿ "ಹಿಡಿದಿದೆ" ಎಂದರು. ನೋಡಿದೆ. ಅಂಗೈ ಇತ್ತು. ಕೆಂಪಾಗಿ, ಹೊಲಿಗೆ ತುಂಬಿಕೊಂಡು, ಯಾರದೋ ಅಂಗೈಯಂತೆ, ಆದರೆ ಅಗಲವಾಗಿ, ತೆರೆದುಕೊಂಡು ಇತ್ತು. ಭಾನುವಾರ ಮಾವ ಬಂದರು. ಬಾಗಿಲಲ್ಲೇ ನಿಂತು ಮಾದೇಶನನ್ನು ಕೇಳಿದರು, "ಇಡೀತಾ?" ಮಾದೇಶ ತಲೆಯಾಡಿಸಿದರು. ಪೈರು ನಾಟಿ ಹಾಕಿದ ಮೇಲೆ ಕೇಳುವ ಮಾತು ಅದು. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರು ಎಂದುಕೊಂಡೆ.

ಮನೆಗೆ ಕಳಿಸುವಾಗ ಡಾಕ್ಟರು ಎಲ್ಲರ ಎದುರಿಗೇ ಹೇಳಿದ್ದರು. ಬೆರಳು ನೆಟ್ಟಗಿರಲೆಂದು ಕೊಟ್ಟ ಪಟ್ಟಿಯನ್ನು ಹಗಲೂ ರಾತ್ರಿ ಕಟ್ಟಿರಬೇಕು, ದಿನಕ್ಕೆ ಮೂರು ಹೊತ್ತು ಬಿಚ್ಚಿ ಕೊಬ್ಬರಿ ಎಣ್ಣೆ ನೀವಿ ಬೆರಳು ಎಳೆಯಬೇಕು. "ಈ ಹೊಸ ಚರ್ಮಕ್ಕೆ ಬಿಸಿ, ತಣ್ಣಗೆ, ಏನೂ ಗೊತ್ತಾಗಲ್ಲ. ಒಲೆ ಹತ್ತಿರ ಹೋಗಬೇಡಿ." ನಾವೆಲ್ಲ ತಲೆಯಾಡಿಸಿದೆವು. ಒಲೆ ಹತ್ತಿರ ನಾನು ಹೋಗಲೇ ಇಲ್ಲ. ಅಷ್ಟು ಕಟ್ಟುನಿಟ್ಟು.

ಎರಡು ತಿಂಗಳಲ್ಲಿ ಹೊಸ ಚರ್ಮ ಗಟ್ಟಿಯಾಗತೊಡಗಿತು. ಅದು ಸಹಜ, ಆರೇಳು ತಿಂಗಳು ಎಳೆಯುತ್ತಲೇ ಇರಬೇಕು, ಆಮೇಲೆ ಮೆತ್ತಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಹೇಳಿದ್ದಳು. ಆದರೆ ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಬೆರಳು ಎಳ್ಳಷ್ಟು ಒಳಕ್ಕೆ ಸರಿದಂತೆ ಕಾಣುತ್ತಿತ್ತು. ಮತ್ತೆ ಮುಚ್ಚಿಕೊಳ್ಳುತ್ತಿದೆ ಎಂದು ಅಳುತ್ತಿದ್ದೆ. ಆಗಲೇ ತಟ್ಟೆಯ ಮುದ್ದೆಯನ್ನು ಎರಡು ಬೆರಳಲ್ಲಿ ಮುರಿಯುವುದನ್ನು ಶುರು ಮಾಡಿದ್ದೆ. ಅರ್ಧ ನೆಲಕ್ಕೆ ಬೀಳುತ್ತಿತ್ತು, ಅರ್ಧ ಬಾಯಿಗೆ. ಆ ಅರ್ಧ ಕೂಡ ಹೋಗುತ್ತದೆಯೇ ಎಂಬುದೇ ಭಯ.

ಒಂದು ಬೆಳಿಗ್ಗೆ ನಾನು ಅಳುವುದನ್ನು ಮಾವ ಕೇಳಿಸಿಕೊಂಡರು. ಅತ್ತೆ ನನ್ನ ಬೆರಳು ಎಳೆಯುತ್ತಿದ್ದರು, ನಾನು ಬೇಡ ಬೇಡ ಎನ್ನುತ್ತಿದ್ದೆ. ಮಾವ ಒಳಗೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, ಅತ್ತೆಗೆ ಹೇಳಿದರು: "ಒಣಗಿರೋದ ಅಂಗೇ ಎಳೆದ್ರೆ ಮುರೀತದೆ ಕಣಮ್ಮಿ. ಸೊಪ್ಪು ಬುಡಿಸೋ ಮೊದ್ಲು ಏನ್ ಮಾಡ್ತೀವಿ? ಹದಕ್ಕೆ ತರಾಕಿಲ್ವಾ? ಡಾಕ್ಟ್ರು ಪ್ಯಾಟೆಯೋರು, ಅವ್ರಿಗೇನು ಗೊತ್ತು ಹದ?"

ಅತ್ತೆ "ಬಿಸಿ ತಾಕಿಸ್ಬ್ಯಾಡಿ ಅಂದವ್ರೆ" ಎಂದರು.

"ಒಲೆಗೆ ಇಡಿ ಅಂದ್ನಾ? ಆವಿ. ಬರೀ ತ್ಯಾವ."

ಹಂಡೆಯಲ್ಲಿ ನೀರು ಕಾಯಿಸಿ ಅಂಗಳಕ್ಕೆ ತಂದಿಟ್ಟರು. ಬಾಯಿಗೆ ಗೋಣಿತಾಟು ಒದ್ದೆ ಮಾಡಿ ಹೊದಿಸಿದರು. ಹೊದಿಕೆಯ ಅಂಚು ಎತ್ತಿ ಮೊದಲು ತಮ್ಮ ಅಂಗೈಯನ್ನೇ ಆವಿಗೆ ಹಿಡಿದು, ಕಣ್ಣು ಮುಚ್ಚಿ, ಬ್ಯಾರನ್ನಿನ ಗೋಡೆ ಮುಟ್ಟಿ ನಿಂತಾಗ ಇರುತ್ತಿದ್ದ ಹಾಗೆಯೇ ನಿಂತರು. "ಸರ್ಯಾಗೈತೆ. ಬಾ ಮಗಾ" ಎಂದು ನನ್ನ ಕಡೆ ಕೈ ಚಾಚಿದರು. ಆರು ವರ್ಷದಲ್ಲಿ ಮಾವ ನನ್ನನ್ನು ನೇರವಾಗಿ ಕರೆದದ್ದು ಅದೇ ಮೊದಲು. ಅವರ ಕೈಗೆ ಕೈ ಕೊಟ್ಟಾಗ ಗಮನಿಸಿದೆ, ಅವರ ಅಂಗೈ ಹಲಗೆಯಂತಿತ್ತು. ನಲವತ್ತು ವರ್ಷ ಬಿಸಿ ಗೋಡೆ ಮುಟ್ಟಿ ಮುಟ್ಟಿ ದಡ್ಡುಗಟ್ಟಿದ ಕೈ. ಆ ಕೈ ನನ್ನ ಕೈಗೆ ಬಿಸಿ ಅಳೆಯುತ್ತಿತ್ತು.

ಗಮನಿಸಿದೆ ಎಂದೆ. ಆದರೆ ಏನೂ ಅನ್ನಲಿಲ್ಲ. ಡಾಕ್ಟರ ಮಾತು ನೆನಪಿರಲಿಲ್ಲವೇ? ಇತ್ತು. ಮಾವನಿಗೆ ಬೇಡ ಎನ್ನುವ ನಾಲಗೆ ನನಗಿರಲಿಲ್ಲ. ಅದಕ್ಕಿಂತ ನಿಜವೇನೆಂದರೆ, ನನಗೂ ನಂಬಬೇಕೆನ್ನಿಸಿತ್ತು. ಸೊಪ್ಪಿನ ಹದ ಇಷ್ಟು ಚೆನ್ನಾಗಿ ತಿಳಿದವರಿಗೆ ನನ್ನ ಕೈಯ ಹದ ತಿಳಿಯದೆ ಹೋಗುತ್ತದೆಯೇ?

"ಬಿಸಿ ಜಾಸ್ತಿ ಆಯ್ತೇನವ್ವಾ?" ಎಂದು ಅವರು ಕೇಳುತ್ತಲೇ ಇದ್ದರು.

"ಇಲ್ಲ ಮಾವ" ಎಂದು ನಾನು ಹೇಳುತ್ತಲೇ ಇದ್ದೆ. ಸುಳ್ಳಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮೂಳೆಯ ಒಳಗೆಲ್ಲೋ ಬೆಚ್ಚಗೆ, ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಕೈ ಹೊರಗೆ ತೆಗೆದು ಅವರು ಬೆರಳುಗಳನ್ನು ಒಂದೊಂದಾಗಿ ಎಳೆದರು. ಬಂದವು. ದೇವರಾಣೆ, ಸಲೀಸಾಗಿ ಬಂದವು. ನೋವಿಲ್ಲದೆ, ಹದಕ್ಕೆ ಬಂದ ಎಲೆಯ ಹಾಗೆ ಬಿಚ್ಚಿಕೊಂಡವು. ಅತ್ತೆ ಅಯ್ಯೋ ಶಿವನೇ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ರಮ್ಯಾ ಓಡಿ ಬಂದು ನನ್ನ ಅಂಗೈ ಮೇಲೆ ತನ್ನ ಅಂಗೈ ಇಟ್ಟಳು. ನಾನು ನಗುತ್ತಿದ್ದೆ, ಮಾವ ನಗುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಬೆಳಗು ಇನ್ನೊಂದಿಲ್ಲ. ಇದನ್ನು ಹೇಳಿಕೊಂಡರೆ ಯಾರೂ ನಂಬುವುದಿಲ್ಲ.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅಂಗೈ ತುಂಬ ನೀರುಗುಳ್ಳೆ. ಅದರ ಮಾರನೆಯ ದಿನ ಅವು ಒಡೆದವು. ನಾಲ್ಕನೆಯ ದಿನ ಚರ್ಮ ಬೆಳ್ಳಗಾಗಿ, ನೆನೆದ ಕಾಗದದ ಹಾಗೆ ಪಟ್ಟಿಗೆ ಅಂಟಿಕೊಂಡು ಬಂತು. ಆಗಲೂ ನೋವಿರಲಿಲ್ಲ. ನೋವಿದ್ದಿದ್ದರೆ ಉಳಿಯುತ್ತಿದ್ದೆ.

ಮೈಸೂರಿಗೆ ಬಸ್ಸಿನಲ್ಲಿ ನಾನು, ಮಾದೇಶ, ಮಾವ. ಡಾಕ್ಟರು ಕಟ್ಟು ಬಿಚ್ಚಿ ನೋಡಿ ಕನ್ನಡಕ ತೆಗೆದರು. "ಇದು ಸುಟ್ಟಿರೋದು. ಯಾರು ಮಾಡಿದ್ದು?"

ಕೋಣೆಯಲ್ಲಿ ಮಾವ ನನ್ನ ಬಲಕ್ಕೆ ನಿಂತಿದ್ದರು. ನನಗೆ ಹುಣಸೂರಿನ ಆಸ್ಪತ್ರೆ ನೆನಪಾಯಿತು, ಪೊಲೀಸರ ಮೂರು ಪ್ರಶ್ನೆ ನೆನಪಾಯಿತು. ಒಂದು ಸಲ ಸುಟ್ಟ ಸೊಸೆ ಎರಡನೆಯ ಸಲ ಸುಟ್ಟು ಬಂದು, ನನ್ನ ಮಾವನೇ ಮಾಡಿದ್ದು, ಆದರೆ ಒಳ್ಳೆಯದಕ್ಕೆ ಮಾಡಿದ್ದು ಎಂದರೆ ಯಾರು ನಂಬುತ್ತಾರೆ? ಪ್ರೀತಿಯಿಂದ ಮಾಡಿದರು ಎಂದು ಯಾವ ಕಾಗದದಲ್ಲಿ ಬರೆದುಕೊಳ್ಳುತ್ತಾರೆ?

"ನಾನೇ ಸಾರ್. ಬಿಸಿನೀರಲ್ಲಿ ಅದ್ದಿಬಿಟ್ಟೆ" ಎಂದೆ.

ಆಮೇಲೆ ಅವರು ಬೈದರು ನೋಡಿ. ಓದಿದ ಹೆಣ್ಣಾಗಿ ಬುದ್ಧಿ ಬೇಡವಾ, ನಾಲ್ಕು ಗಂಟೆ ನಿಂತು ಮಾಡಿದ ಕೆಲಸ, ನಿಮ್ಮಂಥವರಿಗೆ ಮಾಡುವುದೇ ತಪ್ಪು, ಈ ಹಾಸಿಗೆಗೆ ಇನ್ನೊಬ್ಬರು ಕಾಯುತ್ತಿದ್ದರು. ನರ್ಸುಗಳು, ಕಲಿಯುವ ಹುಡುಗರು ಎಲ್ಲರೂ ಸುತ್ತ ನಿಂತಿದ್ದರು. ಬೈಯಲಿ, ಅದು ಅವರ ಹಕ್ಕು. ನಾನು ತಲೆ ತಗ್ಗಿಸಿಕೊಂಡು ಒಂದನ್ನೇ ಕಾಯುತ್ತಿದ್ದೆ: ಪಕ್ಕದಲ್ಲಿ ನಿಂತವರು ಈಗ ಬಾಯಿ ಬಿಡುತ್ತಾರೆ. ಈಗ ಹೇಳುತ್ತಾರೆ, ಆ ಹುಡುಗಿಯದಲ್ಲ, ನನ್ನ ತಪ್ಪು ಅಂತ. ಬೈಗುಳ ಮುಗಿಯುವವರೆಗೂ ಕಾದೆ. ಅವರು ಟವೆಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

ಬಲಗೈ ಮತ್ತೆ ಮುಚ್ಚಿಕೊಂಡಿತು, ಮೊದಲಿಗಿಂತ ಬಿಗಿಯಾಗಿ. ಈ ಸಲ ಚರ್ಮದ ಕೆಳಗಿನ ಕೀಲುಗಳೂ ಗಟ್ಟಿಯಾದವು, ಇನ್ನು ಕುಯ್ದರೂ ಪ್ರಯೋಜನವಿಲ್ಲ ಎಂದರು. ಒಂದು ವರ್ಷದ ಮೇಲೆ ಅದೇ ಡಾಕ್ಟರು, ಬೈದವರೇ, ನನ್ನ ಎಡಗೈ ಮಾಡಿದರು. ಇನ್ನೊಂದು ತೊಡೆಯ ಚರ್ಮ. ಅದು ಹಿಡಿಯಿತು. ಆ ಕೈಯನ್ನು ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ, ಅತ್ತೆಗೂ. ಮಂಡಿಯ ನಡುವೆ ಒತ್ತಿ ಒತ್ತಿ ನಾನೇ ಬೆರಳು ಬಿಡಿಸಿದೆ. ಪೂರ್ತಿ ಬಿಚ್ಚಲಿಲ್ಲ, ಒಂದು ಲೋಟ ಹಿಡಿಯುವಷ್ಟು ಬಿಚ್ಚಿತು. ಈಗ ಉಣ್ಣುವುದೂ ಅದರಲ್ಲೇ, ತೊಳೆದುಕೊಳ್ಳುವುದೂ ಅದರಲ್ಲೇ. ಒಮ್ಮೆ ಪಿರಿಯಾಪಟ್ಟಣದಲ್ಲಿ ಮದುವೆ ಊಟಕ್ಕೆ ಕೂತಾಗ ಎಡಗೈ ಎಲೆಗೆ ಹಾಕಿದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಎಲೆಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು, ಅಷ್ಟೇ. ಅಂದಿನಿಂದ ಪಂಕ್ತಿಯಲ್ಲಿ ಕೂತಿಲ್ಲ. ಮನೆಯಲ್ಲೂ ಎಲ್ಲರದೂ ಆದ ಮೇಲೆ ಗೋಡೆ ಕಡೆ ತಿರುಗಿ ಕೂತು ಉಣ್ಣುತ್ತೇನೆ. ನನ್ನ ತಟ್ಟೆಯ ಮುದ್ದೆಯನ್ನು ನಾನೇ ಮುರಿಯುತ್ತೇನೆ, ನಿಜ. ಬೇಡಿಕೊಂಡಿದ್ದು ಹೀಗಲ್ಲ.

ಮಾವ ಆ ವಿಷಯ ಎತ್ತಲಿಲ್ಲ. ಮಾದೇಶ ಎತ್ತಲಿಲ್ಲ. ನನ್ನ ಕೈ ಹೀಗಾದದ್ದು ನಾನೇ ಬಿಸಿನೀರಲ್ಲಿ ಅದ್ದಿದ್ದರಿಂದ ಎಂದು ಊರೆಲ್ಲ ನಂಬಿತು, ಓದಿದವಳಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನಕ್ಕಿತು. ನಾನು ಹೇಳಿದ ಸುಳ್ಳು ನನಗೇ ಗಂಟುಬಿತ್ತು. ಕೆಲವು ದಿನ ಮಾವನಿಗೆ ಊಟ ಬಡಿಸುವಾಗ ತಟ್ಟೆಯನ್ನು ಅವರ ಮುಂದೆ ಎತ್ತಿಹಾಕಬೇಕು ಎನ್ನುವಷ್ಟು ಸಿಟ್ಟು ಬರುತ್ತಿತ್ತು. ಎತ್ತಿಹಾಕಲಿಲ್ಲ, ಮೆಲ್ಲಗೆ ಇಟ್ಟೆ. ಕೈ ಸುಟ್ಟದ್ದಕ್ಕಲ್ಲ ಆ ಸಿಟ್ಟು. ಅಲ್ಲಿ ಸುಮ್ಮನೆ ನಿಂತದ್ದಕ್ಕೆ.

ಹೀಗೆ ಆರೇಳು ವರ್ಷ ಕಳೆಯಿತು. ಸುಟ್ಟ ಗಾಯದವರು ಆಗೊಮ್ಮೆ ಈಗೊಮ್ಮೆ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ, ಯಾವ ಆಸ್ಪತ್ರೆ, ಎಷ್ಟು ದಿನ ಎಂದು ಕೇಳಲು. ಹೋದ ವರ್ಷ ಎಚ್.ಡಿ. ಕೋಟೆ ತಾಲೂಕಿನ ಅಂತರಸಂತೆ ಕಡೆಯಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಹದಿನೇಳು ಹದಿನೆಂಟರ ಹುಡುಗಿ, ಶೋಭಾ. ಕುದಿಯುವ ಎಣ್ಣೆ ಬಿದ್ದು ಬಲಗೈ ಮುಚ್ಚಿಕೊಂಡಿತ್ತು. ಮುಂದಿನ ವಾರ ಆಪರೇಷನ್. ಜಗಲಿಯಲ್ಲಿ ಮಾವನ ಎದುರು ಕೂತಿದ್ದರು, ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಆ ತಂದೆ ಹೇಳುತ್ತಿದ್ದದ್ದು ಕೇಳಿಸಿತು: "ಚರ್ಮ ಆಕಾದ್ಮೇಲೆ ನಮ್ಮೂರಲ್ಲೊಬ್ರು ಎಣ್ಣೆ ಕಾಯ್ಸಿ ಬೆಚ್ಗೆ ನೀವ್ತಾರೆ ಗೌಡ್ರೇ. ಬಾಳ ಚೆನ್ನಾಗಿ ಕೈ ಕೂರ್ಸೋರು. ಅವ್ರತ್ರ ತೋರ್ಸಾನ ಅಂತ."

ಆಮೇಲೆ ಮಾವನ ದನಿ.

"ಬ್ಯಾಡಿ. ಕೈ ಮುಗೀತೀನಿ, ಬ್ಯಾಡಿ. ನನ್ ಸೊಸೆ ಬಲ್ಗೈ ಬೇಯ್ಸಿದ್ದು ನಾನು ಕಣಪ್ಪ. ಅವ್ಳಲ್ಲ. ಆವಿ ಇಟ್ಟು ಹದ ಮಾಡ್ತೀನಿ ಅಂತ ಓಗಿ ಬೇಯ್ಸಾಕ್ದೆ. ಡಾಕ್ಟ್ರು ಆ ಮಗೀನ ಬಾಯಿಗೆ ಬಂದಂಗೆ ಬೈತಿದ್ರು. ನಾನು ಪಕ್ದಲ್ಲೇ ನಿಂತಿದ್ದೆ. ಬಾಯೇ ಬರ್ನಿಲ್ಲ ನಂಗೆ."

ಹಾಲು ಉಕ್ಕಿ ಒಲೆಗೆ ಚೆಲ್ಲಿತು. ನಾನು ಅಲ್ಲೇ ನಿಂತೆ. ಆ ಮಾತು ಕೇಳಲು ಇಷ್ಟು ವರ್ಷ ಕಾದಿದ್ದೆ, ಕೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಗುರಾಗಲಿಲ್ಲ. ಅಂತರಸಂತೆಯ ಯಾರೋ ಗುರುತಿಲ್ಲದವರಿಗೆ ಹೇಳಿದರಲ್ಲ, ನನಗೆ ಹೇಳಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು. ಬಲಗೈ ನೋಡಿಕೊಂಡೆ. ಅದು ಮುಚ್ಚಿಕೊಂಡೇ ಇತ್ತು.

ಹೊರಗೆ ಹೋದೆ. ಶೋಭಾಳ ಎದುರು ಕೂತು ಸೆರಗು ಸರಿಸಿ ಎರಡೂ ಕೈ ಅವಳ ಮಡಿಲಿಗೆ ಇಟ್ಟೆ. "ಮುಟ್ಟಿ ನೋಡು. ಇದು ಹಾಳಾದದ್ದು, ಇದು ಉಳಿದದ್ದು. ಹೊಸ ಚರ್ಮಕ್ಕೆ ಏನೂ ಗೊತ್ತಾಗಲ್ಲ, ಸುಡ್ತಿದ್ರೂ ಗೊತ್ತಾಗಲ್ಲ. ಎಷ್ಟೇ ದೊಡ್ಡೋರು ಕೇಳ್ಲಿ, ಎಷ್ಟೇ ಪ್ರೀತಿಯಿಂದ ಕೇಳ್ಲಿ, ಬ್ಯಾಡ ಅನ್ನು. ಬಾಯಿ ಬರ್ದಿದ್ರೆ ಕಿರುಚು" ಎಂದೆ. ಮಾವ ನಾಲ್ಕು ಅಡಿ ದೂರದಲ್ಲಿದ್ದರು. ಅವರಿಗೆ ಕೇಳಲೆಂದೇ ಹೇಳಿದೆ.

ಹುಡುಗಿ ನನ್ನ ಬಲಗೈಯನ್ನು ಮೆಲ್ಲ ಮುಟ್ಟಿದಳು. ಆಮೇಲೆ ಮಾವನ ಕಡೆ ನೋಡಿ ನನ್ನನ್ನು ಕೇಳಿದಳು, "ಅಕ್ಕಾ, ನಿಮ್ಗೆ ಅವ್ರ ಮ್ಯಾಲೆ ಸಿಟ್ಟು ಬರ್ನಿಲ್ವಾ?"

ಅವಳ ತಂದೆ "ಏಯ್, ಸುಮ್ಕಿರು" ಎಂದು ಗದರಿದರು.

"ಬಂತು. ಇನ್ನೂ ಐತೆ" ಎಂದೆ.

ಮಾವ ತಲೆ ಎತ್ತಿದರು. ನನ್ನ ಮುಖವನ್ನಲ್ಲ, ಮುಚ್ಚಿದ ಆ ಕೈಯನ್ನೇ ನೋಡುತ್ತಾ ಹೇಳಿದರು:

"ಇರ್ಲಿ ಕಣವ್ವ. ನಾನಿರೋಗಂಟ ಇರ್ಲಿ ಅದು."

ನಾನು ಬೇಡ ಎನ್ನಲಿಲ್ಲ.